ಜಾಮ್ ಎನ್ನಬಹುದು, ಯಾಕೆ ಎನ್ನುವಂತಿಲ್ಲ

ಬೆಂಗಳೂರಿನ ಯಾವುದಾದರೂ ಖಾಸಗಿ ಎಫ್‌ಎಂ ಹಚ್ಚಿ ನೋಡಿ. ಸಿಲ್ಕ್ ಬೋರ್ಡ್ ಹತ್ತಿರ ಗಾಡಿಗಳು ನಿಂತುಬಿಟ್ಟಿವೆ ಎಂದು ಆರ್‌ಜೆ ಹೇಳುತ್ತಾರೆ. ಬೇರೆ ದಾರಿ ಹಿಡಿಯಿರಿ ಎನ್ನುತ್ತಾರೆ, ಒಂದು ಜೋಕು ಹೊಡೆದು ಹಾಡು ಹಾಕುತ್ತಾರೆ. ಆ ರಸ್ತೆಯನ್ನು ಮತ್ತೆ ಮತ್ತೆ ಅಗೆಸುತ್ತಿರುವವರು ಯಾರು, ಗುತ್ತಿಗೆ ಯಾರ ಪಾಲಾಯಿತು, ಕೆಲಸ ಮುಗಿಯದೆ ಬಿಲ್ ಹೇಗೆ ಪಾಸಾಯಿತು ಎಂಬುದಕ್ಕೆ ಮಾತ್ರ ಬಾಯಿ ಹಾಕುವುದಿಲ್ಲ. ಆರ್‌ಜೆಗೆ ಗೊತ್ತಿಲ್ಲ ಅಂತಲ್ಲ. ಹೇಳಿದರೆ ಅದು ಸುದ್ದಿ ಎನಿಸಿಕೊಳ್ಳುತ್ತದೆ, ಸ್ವಂತ ಸುದ್ದಿ ಹೇಳಲು ನಮ್ಮ ದೇಶದ ಖಾಸಗಿ ರೇಡಿಯೊಗೆ ಅನುಮತಿ ಇಲ್ಲ.

ನಿಯಮ ಇರುವುದೇ ಹಾಗೆ. 2011ರ ಮೂರನೇ ಹಂತದ ಎಫ್‌ಎಂ ನೀತಿ ಖಾಸಗಿ ಕೇಂದ್ರಗಳಿಗೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಲು ಬಿಟ್ಟಿತು. ಯಾವುದನ್ನು ಸುದ್ದಿ ಎಂದು ಪರಿಗಣಿಸುವುದಿಲ್ಲ ಎಂಬುದಕ್ಕೂ ಒಂದು ಪಟ್ಟಿ ಕೊಟ್ಟಿತು. ಸಂಚಾರ, ಹವಾಮಾನ, ಹಬ್ಬಹರಿದಿನ, ಪರೀಕ್ಷೆಯ ಫಲಿತಾಂಶ, ಕಾಲೇಜು ಪ್ರವೇಶ, ಕರೆಂಟು ಮತ್ತು ನೀರಿನ ಪ್ರಕಟಣೆ, ಆಟದ ಸ್ಕೋರು, ಇಷ್ಟಕ್ಕೆ ಅಡ್ಡಿಯಿಲ್ಲ. ನಾಳೆ ನೀರು ಬರುವುದಿಲ್ಲ ಎನ್ನಬಹುದು. ಯಾಕೆ ಬರುವುದಿಲ್ಲ ಎಂದು ನಾಲ್ಕು ಜನರನ್ನು ಕೂರಿಸಿ ಮಾತಾಡಿಸುವಂತಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ, ರೇಡಿಯೊ ಸಿಟಿ ಹೆಸರಲ್ಲಿ. ಅಂದಿನಿಂದ ಟಿವಿ ಸುದ್ದಿವಾಹಿನಿಗಳು ಹಗಲೂ ರಾತ್ರಿ ಕಿರುಚಿಕೊಂಡು ಬಂದಿವೆ, ರೇಡಿಯೊ ಮಾತ್ರ ಹಾಡಿಕೊಂಡು ಕೂತಿದೆ. ಗಂಟೆಗೆ 10 ನಿಮಿಷ ಮೀರದಂತೆ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಪ್ರಸಾರ ಮಾಡಲು ಬಿಡಬಹುದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿದ್ದೇ 2023ರ ಸೆಪ್ಟೆಂಬರ್‌ನಲ್ಲಿ.

ಸುದ್ದಿ, ರಾಜಕೀಯ, ಸಿನಿಮಾ, ಕ್ರಿಕೆಟ್ಟು, ಮನೆ ಬಾಡಿಗೆ ಎಲ್ಲವನ್ನೂ ಎಳೆದುಕೊಂಡು ಮಾತಾಡುವ ಪಾಡ್‌ಕಾಸ್ಟುಗಳ ಬಗ್ಗೆ ಬರೆಯಹೊರಟವರು ಈ ನಿಷೇಧದಿಂದ ಶುರು ಮಾಡಬೇಕು. ಅಮೆರಿಕದಲ್ಲಿ ಟಾಕ್ ರೇಡಿಯೊ ಮೊದಲೇ ಇತ್ತು, ಬ್ರಿಟನ್ನಿನಲ್ಲಿ ಬಿಬಿಸಿಯ ಚರ್ಚೆಗಳಿದ್ದವು. ಅಲ್ಲಿ ಪಾಡ್‌ಕಾಸ್ಟ್ ಅಂದರೆ ಇದ್ದ ರೇಡಿಯೊದ ಮುಂದುವರಿಕೆ. ಸರ್ಕಾರದ್ದಲ್ಲದ ಒಂದು ದನಿ ಕಿವಿಯಲ್ಲಿ ಸುದ್ದಿ ಹೇಳಿದ್ದನ್ನು ಕೇಳಲು ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕ ಮೊದಲ ಅವಕಾಶವೇ ಪಾಡ್‌ಕಾಸ್ಟ್. ಹಾಗಿದ್ದೂ ಈ ಅವಕಾಶವನ್ನು ನಾವು ಹಗುರವಾಗಿ ತೆಗೆದುಕೊಂಡಿದ್ದೇವೆ ಎಂಬುದು ನನ್ನ ತಕರಾರು.

ಧ್ವನಿಗೆ ಪರವಾನಗಿಯ ಕಾಟ ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಪ್ರೇಷಕ ಇಟ್ಟುಕೊಂಡು ‘ಆಕಾಶವಾಣಿ’ ಶುರು ಮಾಡಿದರು. ಒಬ್ಬ ಮೇಷ್ಟ್ರು, ಒಂದು ಮನೆ, ಒಂದು ಯಂತ್ರ. ಮುಂದೆ ಅದು ಸರ್ಕಾರದ ಕೈ ಸೇರಿತು, ಆ ಹೆಸರನ್ನು ಇಡೀ ದೇಶದ ರೇಡಿಯೊ ಎತ್ತಿಕೊಂಡಿತು, ಮನೆಯಿಂದ ರೇಡಿಯೊ ನಡೆಸುವ ಕಾಲ ಮುಗಿಯಿತು. ಇನ್ನೊಂದು ಕತೆ ಕೋಲಾರ ಜಿಲ್ಲೆಯ ಬೂದಿಕೋಟೆಯದು. ಸಮುದಾಯ ರೇಡಿಯೊಗೆ ದೇಶದಲ್ಲಿ ಇನ್ನೂ ದಾರಿ ತೆರೆದಿರದ ದಿನಗಳಲ್ಲಿ ಅಲ್ಲಿನ ‘ನಮ್ಮ ಧ್ವನಿ’ ಗುಂಪಿನವರು, ಹೆಚ್ಚಾಗಿ ಹಳ್ಳಿಯ ಹೆಂಗಸರು, ತಾವೇ ಕಾರ್ಯಕ್ರಮ ರೆಕಾರ್ಡ್ ಮಾಡುತ್ತಿದ್ದರು. ಗಾಳಿಯಲ್ಲಿ ಬಿಡುವಂತಿರಲಿಲ್ಲ. ಧ್ವನಿವರ್ಧಕ ಕಟ್ಟಿ ಕೇಳಿಸಿದರು, 2003ರ ಹೊತ್ತಿಗೆ ಟಿವಿ ಕೇಬಲ್ಲಿನಲ್ಲೇ ಧ್ವನಿ ಹಾಯಿಸಿ ಮನೆಮನೆಗೆ ಮುಟ್ಟಿಸಿದರು. ತರಂಗ ಸರ್ಕಾರದ್ದು, ತಂತಿಗೆ ಆ ಕಟ್ಟು ಇಲ್ಲ ಎಂಬ ಸಂದಿಯಲ್ಲಿ ಅವರು ನುಸುಳಿದ್ದು. ಇಂದಿನ ಪಾಡ್‌ಕಾಸ್ಟ್ ನಿಂತಿರುವುದೂ ಅದೇ ಸಂದಿಯಲ್ಲಿ. ತರಂಗಾಂತರ ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಇಂಟರ್ನೆಟ್ಟಿನಲ್ಲಿ ಹೋಗುವ ಧ್ವನಿಗೆ ಎಫ್‌ಎಂ ತರಂಗ ಬೇಕಾಗಿಲ್ಲವಾದ್ದರಿಂದ ಎಫ್‌ಎಂ ಪರವಾನಗಿಯ ಷರತ್ತೂ ತಾಗುವುದಿಲ್ಲ.

ಪಾಡ್‌ಕಾಸ್ಟಿನ ಒಳಗಿನ ಯಂತ್ರ ಬಹಳ ಸರಳ. ಮಾತನ್ನು ಎಂಪಿ3 ಕಡತವಾಗಿ ಒಂದು ಸರ್ವರಿನಲ್ಲಿ ಇಡುತ್ತಾರೆ. ಪಕ್ಕದಲ್ಲಿ ಆರ್‌ಎಸ್‌ಎಸ್ ಫೀಡ್ ಎಂಬ ಒಂದು ಪಠ್ಯ ಕಡತ ಇರುತ್ತದೆ. (ಈ ಮೂರಕ್ಷರ ಕೇಳಿ ಯಾರೂ ರಾಜಕೀಯಕ್ಕೆ ಹೋಗಬೇಡಿ.) ಈ ಸಂಚಿಕೆಯ ಹೆಸರು ಇದು, ಪ್ರಕಟವಾದ ತಾರೀಖು ಇದು, ಧ್ವನಿ ಇರುವ ವಿಳಾಸ ಇದು ಎಂಬ ನಾಲ್ಕೈದು ಸಾಲು ಅಷ್ಟೆ. ಹೊಸ ಸಂಚಿಕೆ ಬಂದಾಗ ಆ ಪಟ್ಟಿಗೆ ಇನ್ನೊಂದು ನಮೂದು ಸೇರುತ್ತದೆ. ನಿಮ್ಮ ಮೊಬೈಲಿನ ಆ್ಯಪ್ ಆಗಾಗ ಹೋಗಿ ಆ ಕಡತ ಓದಿ, ಹೊಸದಿದ್ದರೆ ಇಳಿಸಿಕೊಳ್ಳುತ್ತದೆ. ಫೀಡಿನಲ್ಲಿ ಧ್ವನಿ ಕಡತ ಸೇರಿಸುವ ಈ ಉಪಾಯವನ್ನು ಡೇವ್ ವೈನರ್ ಎಂಬ ತಂತ್ರಜ್ಞ ಈ ಶತಮಾನ ಶುರುವಾಗುವ ಹೊತ್ತಿಗೆ ಮಾಡಿಟ್ಟಿದ್ದರು. ಎಂಟಿವಿಯಲ್ಲಿ ನಿರೂಪಕರಾಗಿದ್ದ ಆ್ಯಡಮ್ ಕರಿ 2004ರಲ್ಲಿ ಅದನ್ನು ಜನರ ಬಳಿಗೆ ಒಯ್ದರು. ಇದರಲ್ಲಿ ಗಮನಿಸಬೇಕಾದದ್ದು ಒಂದೇ: ಈ ಫೀಡ್ ಯಾವ ಕಂಪನಿಯ ಆಸ್ತಿಯೂ ಅಲ್ಲ. ಒಂದು ಆ್ಯಪ್ ನಿಮ್ಮನ್ನು ತೆಗೆದುಹಾಕಿದರೆ ಕೇಳುಗ ಇನ್ನೊಂದು ಆ್ಯಪಿನಲ್ಲಿ ಅದೇ ಫೀಡ್ ಹಾಕಿಕೊಂಡು ಕೇಳಬಹುದು. ಮಧ್ಯದಲ್ಲಿ ಕೂತು ಯಾರಿಗೆ ಏನು ತೋರಿಸಬೇಕು ಎಂದು ಎಣಿಸುವ ಅಲ್ಗಾರಿದಮ್ ಇಲ್ಲಿ ಇರಲೇಬೇಕೆಂದಿಲ್ಲ.

2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗೆ ಜಾಗ ಕೊಟ್ಟಿತು. 2014ರಲ್ಲಿ ಒಂದು ಕೊಲೆ ಪ್ರಕರಣವನ್ನು ವಾರವಾರ ಬಿಚ್ಚುತ್ತ ಹೋದ ‘ಸೀರಿಯಲ್’ ಬಂದ ಮೇಲೆ ಅಮೆರಿಕದಲ್ಲಿ ಪಾಡ್‌ಕಾಸ್ಟ್ ಮನೆಮಾತಾಯಿತು. 2017ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ‘ದಿ ಡೈಲಿ’ ಶುರು ಮಾಡಿತು. ನಮ್ಮಲ್ಲಿ 2016ರವರೆಗೂ ಡೇಟಾದ್ದೇ ಸಮಸ್ಯೆ. ಮಾತಿಗೆ ಸಾಕಾಗುವ 64 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆಯ ಧ್ವನಿ ಸುಮಾರು 29 ಎಂಬಿ ಆಗುತ್ತದೆ. ಎಂಬಿ ಲೆಕ್ಕದಲ್ಲಿ ರೀಚಾರ್ಜ್ ಮಾಡಿಸುತ್ತಿದ್ದ ಕಾಲದಲ್ಲಿ ಹರಟೆ ಕೇಳಲು ಅಷ್ಟನ್ನು ಸುಡುವ ಧೈರ್ಯ ಯಾರಿಗಿತ್ತು? 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಲೆಕ್ಕ ತಲೆಕೆಳಗಾಯಿತು.

ಕನ್ನಡದಲ್ಲಿ ಇದರ ಸೊಗಸು ಮೊದಲು ತೋರಿಸಿದವರಲ್ಲಿ ‘ತಲೆ-ಹರಟೆ’ ಕನ್ನಡ ಪಾಡ್‌ಕಾಸ್ಟ್‌ನವರನ್ನು ನೆನೆಯಬೇಕು. ಕೊರೊನಾಕ್ಕೆ ಮುಂಚೆಯೇ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ, ಸೂರ್ಯಪ್ರಕಾಶ್ ಮತ್ತು ಗೆಳೆಯರು ವಾರಕ್ಕೊಂದರಂತೆ ಮಾತಿಗೆ ಕೂತರು. ನೀತಿ, ಇತಿಹಾಸ, ವಿಜ್ಞಾನ, ಸಿನಿಮಾ ಎಲ್ಲವೂ ಒಂದೇ ಪಂಕ್ತಿಯಲ್ಲಿ ಬಂದವು. ನನಗೆ ವಿಷಯಕ್ಕಿಂತ ಮುಖ್ಯವಾಗಿ ಕಂಡದ್ದು ಅವರ ಕನ್ನಡ. ನಮ್ಮ ಸುದ್ದಿಗೆ ಒಂದು ಕಟ್ಟುಪಾಡಿನ ಭಾಷೆಯಿದೆ: ‘ಸ್ಪಷ್ಟಪಡಿಸಿದ್ದಾರೆ’, ‘ಆಗ್ರಹಿಸಿದ್ದಾರೆ’, ‘ಎಂದು ತಿಳಿದುಬಂದಿದೆ’. ಈ ಲೇಖನದ ವಾಕ್ಯಗಳನ್ನೇ ಗಟ್ಟಿಯಾಗಿ ಓದಿದರೂ ಬರಹದ ವಾಸನೆ ಹೊಡೆಯುತ್ತದೆ. ಟಿವಿಯಲ್ಲಿ ಆ ಭಾಷೆಗೆ ಹಿನ್ನೆಲೆ ಸಂಗೀತ ಸೇರಿ ಕೊನೆಗೆ ಉಳಿಯುವುದು ಗದ್ದಲ. ‘ಅವ್ರು ಹೇಳ್ತಿರೋದು ಏನಂದ್ರೆ’ ಎಂದು ಶುರುವಾಗುವ ವಾಕ್ಯದಲ್ಲಿ ಜಿಎಸ್‌ಟಿಯನ್ನೋ ಕಾವೇರಿ ನ್ಯಾಯಮಂಡಳಿಯ ತೀರ್ಪನ್ನೋ ವಿವರಿಸಬಹುದು ಎಂದು ತೋರಿಸಿಕೊಟ್ಟಿದ್ದು ಪಾಡ್‌ಕಾಸ್ಟ್. ಹಾಗೆ ವಿವರಿಸುವವರಿಗೆ ವಿಷಯ ನಿಜಕ್ಕೂ ಗೊತ್ತಿರಬೇಕು. ‘ತಿಳಿದುಬಂದಿದೆ’ ಎಂಬ ಪದದ ಹಿಂದೆ ಅಡಗಿ ಕೂರಲು ಮಾತಿನಲ್ಲಿ ಜಾಗವಿಲ್ಲ, ‘ಯಾರಿಗೆ ತಿಳೀತು?’ ಎಂದು ಎದುರು ಕೂತವರು ಕೇಳಿಬಿಡುತ್ತಾರೆ.

ಒಂದು ಕೊರತೆಯನ್ನೂ ಇಲ್ಲೇ ಹೇಳಬೇಕು. ಇಂದು ಕೇಳಸಿಗುವ ಕನ್ನಡ ಪಾಡ್‌ಕಾಸ್ಟುಗಳಲ್ಲಿ ಹೆಚ್ಚಿನವುಗಳ ಮಾತು ಬೆಂಗಳೂರಿನದು, ಅರ್ಧಕ್ಕರ್ಧ ಇಂಗ್ಲಿಷ್ ಬೆರೆತದ್ದು. ಧಾರವಾಡದ, ಕಲಬುರಗಿಯ, ಕುಂದಾಪುರದ ಕನ್ನಡದಲ್ಲಿ ಬಜೆಟ್ ವಿಶ್ಲೇಷಣೆ ಕೇಳಬೇಕೆಂದರೆ ಹುಡುಕಬೇಕು. ಆ ಕನ್ನಡಗಳು ರೀಲ್ಸ್‌ನಲ್ಲಿ ನಗಿಸಲು ಬರುತ್ತವೆ, ವಿಚಾರ ಹೇಳಲು ಬರುವುದು ಕಡಿಮೆ.

ಸುದ್ದಿ, ರಾಜಕೀಯ, ಕ್ರೀಡೆ, ದಿನನಿತ್ಯದ ಬದುಕು ಎಂಬ ವಿಂಗಡಣೆ ಪತ್ರಿಕೆಯ ಪುಟಗಳಿಗಾಗಿ ಆದದ್ದು. ಘಟನೆಗಳು ಹಾಗೆ ವಿಂಗಡಿಸಿಕೊಂಡು ನಡೆಯುವುದಿಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಮೊದಲ ಸಲ ಐಪಿಎಲ್ ಗೆದ್ದಿತು. ಅದು ಕ್ರೀಡಾ ಪುಟ. ಮರುದಿನ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ಅದು ರಾಜಕೀಯ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ಇದು ಯಾವ ಪುಟ? ಅದರ ಮರುದಿನ ನಗರ ಪೊಲೀಸ್ ಆಯುಕ್ತರ ಅಮಾನತು, ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಅವರ ಏಕಸದಸ್ಯ ಆಯೋಗ. ಹದಿನೆಂಟು ವರ್ಷ ಕಾದ ಅಭಿಮಾನಿಯ ಮನಸ್ಸು, ಮೆಟ್ರೊದಲ್ಲಿ ಜನ ಬಂದಿಳಿದ ರೀತಿ, ಪಾಸ್ ಬೇಕೋ ಬೇಡವೋ ಎಂಬ ಗೊಂದಲ, ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ ಮತ್ತು ಸರ್ಕಾರದ ನಡುವೆ ಜವಾಬ್ದಾರಿ ಯಾರದು ಎಂಬ ಪ್ರಶ್ನೆ, ಇವೆಲ್ಲ ಒಂದೇ ಎಳೆ. ಕ್ರಿಕೆಟ್ ಬಲ್ಲ ಒಬ್ಬರು, ಪೊಲೀಸ್ ಬೀಟ್ ವರದಿಗಾರರು ಒಬ್ಬರು, ಅಂದು ಕಬ್ಬನ್ ಪಾರ್ಕ್ ನಿಲ್ದಾಣದಿಂದ ಹೊರಬಿದ್ದ ಒಬ್ಬರು ಕೂತು ಮುಕ್ಕಾಲು ಗಂಟೆ ತಾಳ್ಮೆಯಿಂದ ಮಾತಾಡಿದರೆ ತಿಳಿಯುವಷ್ಟು, ಆ ವಾರದ ಟಿವಿ ಕಿಟಕಿಗಳಲ್ಲಿ ಎಂಟು ಮುಖಗಳು ಒಟ್ಟಿಗೆ ಕೂಗಿದಾಗ ತಿಳಿಯಲಿಲ್ಲ.

ಆಟದ ವಿಷಯ ಬಂತು, ಒಂದು ಮಾತು ಸೇರಿಸುತ್ತೇನೆ. 2023ರಿಂದ 27ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಆ ದುಡ್ಡು ಕೊಟ್ಟವರ ಹೊರತು ಯಾರೂ ಒಂದು ಚೆಂಡನ್ನೂ ತೋರಿಸುವಂತಿಲ್ಲ. ಆಟ ಮುಗಿದ ಮೇಲೆ ಅದರ ಬಗ್ಗೆ ಮಾತಾಡಲು ಮಾತ್ರ ಯಾರಿಗೂ ಕಾಸು ಕೊಡಬೇಕಿಲ್ಲ. ದೃಶ್ಯ ಇಲ್ಲದಿರುವುದೇ ಕ್ರಿಕೆಟ್ ಪಾಡ್‌ಕಾಸ್ಟ್‌ಗೆ ಅನುಕೂಲವಾಗಿದೆ. ಫೀಲ್ಡಿಂಗ್ ಹೇಗಿತ್ತು ಎಂದು ಮಾತಿನಲ್ಲೇ ಬಿಡಿಸಿ ಹೇಳಬೇಕಾದ್ದರಿಂದ ಆಟ ಬಲ್ಲವರು ಮಾತ್ರ ಅಲ್ಲಿ ಬಾಳುತ್ತಾರೆ.

ಮಾತು ಸಲೀಸಾಗಿ ಕೇಳಿಸುವುದು ಸಲೀಸಾಗಿ ಆದದ್ದರಿಂದಲ್ಲ. ಎಡಿಟಿಂಗ್ ಮೇಜಿನ ಪಕ್ಕ ಕೂತು ನೋಡಿದರೆ ಇದು ಗೊತ್ತಾಗುತ್ತದೆ. ರೆಕಾರ್ಡಿಂಗಿಗೆ ಮೊದಲು ಫ್ಯಾನ್ ನಿಲ್ಲಿಸುತ್ತಾರೆ, ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟುತ್ತಾರೆ, ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷ ಕೋಣೆಯ ಮೌನವನ್ನೇ ಹಿಡಿದಿಡುತ್ತಾರೆ. ಆಮೇಲೆ ಮಾತು ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಆ ಮೌನ ಬೇಕು, ಇಲ್ಲವಾದರೆ ಕಿವಿಗೆ ಗುಂಡಿ ಬಿದ್ದಂತೆ ಕೇಳುತ್ತದೆ. ತೆರೆಯ ಮೇಲೆ ಮಾತು ಏರಿಳಿಯುವ ಗೆರೆಯಾಗಿ ಕಾಣುತ್ತದೆ. ಕನ್ನಡದ ಮಾತುಗಾರರ ‘ಏನಪ್ಪಾ ಅಂದ್ರೆ’, ‘ಅದೇ ಈಗ’, ‘ಬೇಸಿಕಲಿ’ಗಳಿಗೆ ಒಬ್ಬೊಬ್ಬರದೂ ಒಂದು ಗುರುತಿನ ಆಕಾರ ಇರುತ್ತದೆ, ಪಳಗಿದ ಎಡಿಟರ್ ಕೇಳದೆಯೂ ಅದನ್ನು ಗುರುತಿಸುತ್ತಾರೆ. ಎಲ್ಲವನ್ನೂ ತೆಗೆದರೆ ಮನುಷ್ಯ ಯಂತ್ರವಾಗುತ್ತಾನೆ, ಎಲ್ಲವನ್ನೂ ಬಿಟ್ಟರೆ ಕೇಳುಗ ಓಡಿಹೋಗುತ್ತಾನೆ. ಇದಕ್ಕಿಂತ ಕಷ್ಟದ್ದು ವಾದವನ್ನು ಕತ್ತರಿಸುವುದು. ಅತಿಥಿ ಇಪ್ಪತ್ತನೇ ನಿಮಿಷದಲ್ಲಿ ಹೇಳಿದ್ದಕ್ಕೆ ಕೊಟ್ಟ ಕಾರಣ ಐವತ್ತನೇ ನಿಮಿಷದಲ್ಲಿ ಬಂದಿರುತ್ತದೆ. ಎರಡನ್ನೂ ಪಕ್ಕಪಕ್ಕ ತಂದರೆ ವಿಷಯ ತಿಳಿಯಾಗುತ್ತದೆ, ಆದರೆ ಅವರ ಮಾತಿನ ಅರ್ಥ ಒಂದು ಕೂದಲೆಳೆಯೂ ವಾಲಬಾರದು. ‘ದಿ ಡೈಲಿ’ ಥರದ ಕಾರ್ಯಕ್ರಮ ದಿನಕ್ಕೊಂದೇ ಸುದ್ದಿ ಹಿಡಿದು, ಅದನ್ನು ವರದಿ ಮಾಡಿದವರನ್ನೇ ಕೂರಿಸಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಸುವುದರ ಹಿಂದೆ ಇಂಥ ಕೆಲಸಕ್ಕೆಂದೇ ದೊಡ್ಡ ತಂಡ ದುಡಿಯುತ್ತದೆ.

ಕನ್ನಡದಲ್ಲಿ ಈಗ ಗೆದ್ದಿರುವುದು ಬೇರೆಯೇ ಮಾದರಿ. ಎರಡು ಕುರ್ಚಿ, ಎರಡು ದೊಡ್ಡ ಮೈಕು, ಹಿಂದೆ ಬಣ್ಣದ ದೀಪ, ಮೂರು ಕ್ಯಾಮೆರಾ. ಪಾಡ್‌ಕಾಸ್ಟ್ ಎಂದರೆ ಇದೇ ಎಂದು ಹೊಸ ತಲೆಮಾರು ತಿಳಿದಿದೆ. ತಪ್ಪು ಅವರದಲ್ಲ. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು 2024ರಲ್ಲಿ ಮುಚ್ಚಿ ಕೇಳುಗರನ್ನು ಯೂಟ್ಯೂಬ್ ಮ್ಯೂಸಿಕ್‌ಗೆ ಕಳಿಸಿತು. ತಿಂಗಳಿಗೆ 100 ಕೋಟಿ ಜನ ತನ್ನಲ್ಲಿ ಪಾಡ್‌ಕಾಸ್ಟ್ ನೋಡುತ್ತಾರೆ, ಕೇಳುತ್ತಾರೆ ಎಂದು 2025ರ ಫೆಬ್ರುವರಿಯಲ್ಲಿ ಯೂಟ್ಯೂಬ್ ಹೇಳಿಕೊಂಡಿತು. ವಿಡಿಯೊದಿಂದ ಒಳ್ಳೆಯದೂ ಆಗಿದೆ. ‘ಕಲಾಮಾಧ್ಯಮ’ ಚಾನೆಲ್ ಹಳೆಯ ಸಿನಿಮಾ ಕಲಾವಿದರನ್ನು, ತಂತ್ರಜ್ಞರನ್ನು ಹುಡುಕಿ ಕಂತುಗಟ್ಟಲೆ ಮಾತಾಡಿಸಿದ್ದು, ಗೌರೀಶ್ ಅಕ್ಕಿ ಸ್ಟುಡಿಯೊದ ದೀರ್ಘ ಸಂದರ್ಶನಗಳು ಕನ್ನಡದ ಮಟ್ಟಿಗೆ ಬೆಲೆಯುಳ್ಳ ದಾಖಲೆ. ಆದರೆ ಯೂಟ್ಯೂಬಿಗೆ ಹೋದ ಕ್ಷಣ ಫೀಡಿನ ಸ್ವಾತಂತ್ರ್ಯ ಕೈಬಿಡುತ್ತದೆ. ಯಾವ ಸಂಚಿಕೆ ಯಾರ ಕಣ್ಣಿಗೆ ಬೀಳಬೇಕು ಎಂಬುದು ಕಂಪನಿಯ ಕೈಗೆ ಹೋಗುತ್ತದೆ. ಥಂಬ್‌ನೇಲಿನಲ್ಲಿ ಬಾಯಿ ಬಿಟ್ಟುಕೊಂಡ ಮುಖ, ಕೆಂಪು ಬಾಣ, ‘ಬೆಚ್ಚಿಬೀಳಿಸುವ ಸತ್ಯ’ ಶುರುವಾಗುತ್ತವೆ. ಟಿವಿಯಿಂದ ಓಡಿ ಬಂದವರು ಸುತ್ತಿ ಸುತ್ತಿ ಟಿವಿಯನ್ನೇ ಕಟ್ಟಿಕೊಂಡಂತಾಯಿತು.

ಈ ಕುರ್ಚಿಯ ರುಚಿ ರಾಜಕಾರಣಿಗಳಿಗೂ ಹತ್ತಿದೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಚುನಾವಣೆಗೆ ಕೆಲವೇ ದಿನ ಇರುವಾಗ ಡೊನಾಲ್ಡ್ ಟ್ರಂಪ್ ಪಾಡ್‌ಕಾಸ್ಟರ್ ಜೋ ರೋಗನ್ ಎದುರು ಮೂರು ಗಂಟೆ ಹತ್ತಿರ ಹತ್ತಿರ ಕೂತರು, ಕಮಲಾ ಹ್ಯಾರಿಸ್ ‘ಕಾಲ್ ಹರ್ ಡ್ಯಾಡಿ’ ಪಾಡ್‌ಕಾಸ್ಟ್‌ಗೆ ಹೋದರು. 2025ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಜತೆ ತಮ್ಮ ಮೊದಲ ಪಾಡ್‌ಕಾಸ್ಟ್ ಮಾಡಿದರು, ಮಾರ್ಚ್‌ನಲ್ಲಿ ಅಮೆರಿಕದ ಪಾಡ್‌ಕಾಸ್ಟರ್ ಲೆಕ್ಸ್ ಫ್ರಿಡ್‌ಮನ್ ಜತೆ ಮೂರು ಗಂಟೆಗೂ ಮೀರಿ ಮಾತಾಡಿದರು. ಪತ್ರಿಕಾಗೋಷ್ಠಿಗೆ ಸಿಗುವುದಿಲ್ಲ ಎಂಬ ದೂರು ಇರುವ ನಾಯಕರೂ ಇಲ್ಲಿ ಗಂಟೆಗಟ್ಟಲೆ ಸಿಗುತ್ತಾರೆ. ಕಾರಣ ಗುಟ್ಟೇನಲ್ಲ. ಪತ್ರಿಕಾಗೋಷ್ಠಿಯಲ್ಲಿ ಎರಡನೇ ಪ್ರಶ್ನೆ ಬರುತ್ತದೆ. ಇಲ್ಲಿ ಬಾಲ್ಯ, ತಾಯಿ, ಕಷ್ಟದ ದಿನಗಳು, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂಬುದು ಬರುತ್ತದೆ. ಪಕ್ಷ ಯಾವುದಾದರೂ ಸರಿ, ಕರ್ನಾಟಕದ ನಾಯಕರೂ ಈ ಪಾಠ ಬೇಗ ಕಲಿಯುತ್ತಾರೆ. ದೀರ್ಘ ಮಾತು ತನ್ನಿಂದ ತಾನೇ ಆಳವಾಗುವುದಿಲ್ಲ. ಅಮಿತ್ ವರ್ಮಾ ಅವರ ‘ದಿ ಸೀನ್ ಆ್ಯಂಡ್ ದಿ ಅನ್‌ಸೀನ್’ ಇಂಗ್ಲಿಷಿನಲ್ಲಿ ಐದು ಗಂಟೆ ದಾಟಿದ್ದೂ ಇದೆ, ಆದರೂ ಕೇಳಿಸಿಕೊಳ್ಳುತ್ತದೆ, ಏಕೆಂದರೆ ಅತಿಥಿ ಬರೆದದ್ದನ್ನೆಲ್ಲ ಓದಿಕೊಂಡು ಅವರು ಕೂರುತ್ತಾರೆ. ಓದದೆ ಕೂತವರು ಮೂರು ಗಂಟೆಯೂ ತಲೆಯಾಡಿಸಬೇಕಷ್ಟೆ. ತಲೆಯಾಡಿಸಿದ ಪ್ರತಿ ಸುಳ್ಳೂ ತುಣುಕಾಗಿ ವಾಟ್ಸ್ಆ್ಯಪ್ ಸೇರುತ್ತದೆ.

ಪರವಾನಗಿ ಇಲ್ಲದ ಈ ಸಂದಿ ಹೀಗೇ ತೆರೆದಿರುತ್ತದೆ ಎಂದೂ ನಂಬುವಂತಿಲ್ಲ. 2021ರ ಐಟಿ ನಿಯಮಗಳು ಡಿಜಿಟಲ್ ಸುದ್ದಿ ಪ್ರಕಾಶಕರನ್ನು ನೀತಿ ಸಂಹಿತೆಯೊಳಗೆ ತಂದವು. 2023ರ ನವೆಂಬರ್‌ನಲ್ಲಿ ಬಂದ ಪ್ರಸಾರ ಸೇವೆಗಳ ಕರಡು ಮಸೂದೆ ಇಂಟರ್ನೆಟ್ಟಿನಲ್ಲಿ ಸುದ್ದಿ, ಪ್ರಚಲಿತ ವಿದ್ಯಮಾನ ಮಾತಾಡುವವರತ್ತಲೂ ಕೈ ಚಾಚಿತ್ತು. ಮುಂದಿನ ವರ್ಷ ಅದರ ಪರಿಷ್ಕೃತ ರೂಪ ಒಂಟಿಯಾಗಿ ವಿಡಿಯೊ ಮಾಡುವವರನ್ನೂ ಒಳಗೊಳ್ಳುತ್ತದೆ ಎಂಬ ಸುದ್ದಿ ಹಬ್ಬಿ, ವಿರೋಧ ಎದ್ದು, 2024ರ ಆಗಸ್ಟ್‌ನಲ್ಲಿ ಸರ್ಕಾರ ಮತ್ತೆ ಸಮಾಲೋಚನೆ ಎಂದಿತು. ಎಫ್‌ಎಂಗೆ ಇಷ್ಟು ವರ್ಷ ಬಾಯಿ ಕಟ್ಟಿಸಿದ ವ್ಯವಸ್ಥೆ ಇದು, ನೆನಪಿರಲಿ.

ಅಷ್ಟರೊಳಗೆ ಮಾಡಬಹುದಾದ ಕೆಲಸ ಒಂದಿದೆ, ಅದನ್ನು ಮಾಡಬೇಕಾದವರು ಕನ್ನಡದ ದಿನಪತ್ರಿಕೆಗಳು. ಮುದ್ರಿತ ಸುದ್ದಿಯನ್ನು ಓದಿಸಿ ಪಾಡ್‌ಕಾಸ್ಟ್ ಎಂದು ಹಾಕಿದರೆ ಆಗಲಿಲ್ಲ. ನಿಮಗೆ ಜಿಲ್ಲೆ ಜಿಲ್ಲೆಯಲ್ಲಿ ವರದಿಗಾರರಿದ್ದಾರೆ. ರಾಯಚೂರಿನ ನಾಲೆಗೆ ಕೊನೆಯ ಹೊಲದವರೆಗೆ ನೀರು ಯಾಕೆ ಮುಟ್ಟುವುದಿಲ್ಲ, ಶಿರಸಿಯಲ್ಲಿ ಅಡಿಕೆಗೆ ಎಲೆಚುಕ್ಕೆ ರೋಗ ಬಂದ ಮೇಲೆ ಯಾರ ಲೆಕ್ಕಾಚಾರ ಏನಾಯಿತು ಎಂಬುದು ಅವರಿಗೆ ಗೊತ್ತಿದೆ. ಪುಟದಲ್ಲಿ ಜಾಗ ಸಾಲದೆ ಅವರು ಬಿಟ್ಟ ವಿವರ ಬೆಟ್ಟದಷ್ಟಿದೆ. ವಾರಕ್ಕೊಮ್ಮೆ ಒಬ್ಬರನ್ನು ಕೂರಿಸಿ, ಅವರ ಊರಿನ ಕನ್ನಡದಲ್ಲೇ 25 ನಿಮಿಷ ಮಾತಾಡಿಸಿ, ಎರಡನೇ ಪ್ರಶ್ನೆ ಕೇಳಿ, ಚೆನ್ನಾಗಿ ಕತ್ತರಿಸಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಫೀಡಿನಲ್ಲಿ ಹಾಕಿ. ಕ್ಯಾಮೆರಾ ಬೇಡ. ನ್ಯೂಜೆರ್ಸಿಯಲ್ಲಿ ಪಾತ್ರೆ ತೊಳೆಯುತ್ತಿರುವ ಕನ್ನಡಿಗರೂ ಕೇಳುತ್ತಾರೆ, ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡವರೂ ಕೇಳುತ್ತಾರೆ.